ಮೌತ್ ಆರ್ಗನ್ ಆಟಿಕೆಯಲ್ಲ

ಕಳೆದ ವರ್ಷ ನಮ್ಮ ಹಾಸ್ಟೆಲಿನ ಜೂನಿಯರ್ ಒಬ್ಬ ಯುವಜನೋತ್ಸವದ ವಾದ್ಯಸಂಗೀತ ಸ್ಪರ್ಧೆಗೆ ಹೆಸರು ಕೊಡಲು ಹೋದ. ಜೊತೆಗೆ ನಾನೂ ಇದ್ದೆ. ಯಾವ ವಾದ್ಯ ಎಂದು ಕೇಳಿದಾಗ ಜೇಬಿನಿಂದ ಮೌತ್ ಆರ್ಗನ್ ತೆಗೆದು ತೋರಿಸಿದ. ಮೇಜಿನಾಚೆ ಕೂತಿದ್ದವರು ನಕ್ಕು, "ಇದನ್ನ ಜಾತ್ರೇಲಿ ಮಾರ್ತಾರಲ್ಲಪ್ಪ, ವಾದ್ಯ ತಗೊಂಡು ಬಾ" ಅಂದರು. ಆಮೇಲೆ ನಮ್ಮ ಟೆರೇಸಿನಿಂದ ಅದರ ಸದ್ದು ಕೇಳಿಲ್ಲ. ಈ ಬರಹ ಆ ನಗುವಿಗೆ ಉತ್ತರ.

ವಿದ್ವಾಂಸರ ಆಕ್ಷೇಪ ಹಳೆಯದು: ಇದರ ಸ್ವರಗಳು ಮೊದಲೇ ಗೊತ್ತುಮಾಡಿದಂಥವು, ಗಮಕ ಬಾರದು. ಇದೇ ಬಗೆಯ ಲೋಹದ ರೀಡುಗಳಿಂದ ನುಡಿಯುವ ಹಾರ್ಮೋನಿಯಮ್ಮನ್ನು ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಹೊರಗಿಟ್ಟದ್ದೂ ಇಂಥದೇ ಕಾರಣಕ್ಕೆ. ಆ ನಿಷೇಧ ಸಡಿಲವಾಗಲು ಮೂರು ದಶಕ ಹಿಡಿಯಿತು. ಹಾರ್ಮೋನಿಯಮ್ಮಿಗಾದರೆ ಆ ಮಾತು ಸ್ವಲ್ಪ ಸಲ್ಲುತ್ತದೆ. ಅಲ್ಲಿ ರೀಡಿಗೂ ನುಡಿಸುವವನಿಗೂ ನಡುವೆ ತಿದಿಯಿದೆ. ಇಲ್ಲಿ ಇರುವುದು ಬಾಯಿ ಮಾತ್ರ.

ಹತ್ತು ರಂಧ್ರಗಳ ಸಾಮಾನ್ಯ ಮೌತ್ ಆರ್ಗನ್ನಿನಲ್ಲಿ ಪ್ರತಿ ರಂಧ್ರಕ್ಕೂ ಎರಡು ರೀಡು. ಊದಿದರೆ ಒಂದು ಸ್ವರ, ಉಸಿರೆಳೆದರೆ ಇನ್ನೊಂದು. ಮೊದಲ ರಂಧ್ರದಲ್ಲಿ ಊದಿದ್ದನ್ನು ಷಡ್ಜವೆಂದುಕೊಂಡರೆ, ಕೆಳಗಿನ ಸ್ಥಾಯಿಯಲ್ಲಿ ಮಧ್ಯಮವೂ ಇಲ್ಲ, ಧೈವತವೂ ಇಲ್ಲ. ಆದರೆ ಎರಡನೇ ರಂಧ್ರದಲ್ಲಿ ಪಂಚಮವನ್ನು ಎಳೆಯುತ್ತಲೇ ನಾಲಿಗೆ ಸರಿಸಿ ಬಾಯೊಳಗಿನ ಆಕಾರ ಬದಲಿಸಿ ನೋಡಿ: ಸ್ವರ ಪ್ರತಿ ಮಧ್ಯಮಕ್ಕೆ ಜಾರಿ, ಇನ್ನೂ ಇಳಿದು ಶುದ್ಧ ಮಧ್ಯಮವಾಗುತ್ತದೆ. ಮೂರನೆಯದರ ನಿಷಾದವೂ ಹೀಗೆಯೇ ಧೈವತಕ್ಕೆ ಇಳಿಯುತ್ತದೆ. ಇಲ್ಲದ ಸ್ವರವನ್ನು ಉಸಿರಿನಿಂದ ಹುಟ್ಟಿಸುವ ಈ ಕೆಲಸವನ್ನೇ ಲಿಟಲ್ ವಾಲ್ಟರ್‌ನಂಥ ಅಮೆರಿಕದ ಕಪ್ಪು ಕಲಾವಿದರು ಬ್ಲೂಸ್‌ನ ನುಡಿಗಟ್ಟಾಗಿಸಿದರು. ನಮ್ಮ ಜಾರು ಗಮಕಕ್ಕೆ ಇದಕ್ಕಿಂತ ಹತ್ತಿರದ ನೆಂಟ ಬೇಕೆ?

ಎಲ್ಲ ರಂಧ್ರಗಳೂ ಹೀಗೆ ಸಮನಾಗಿ ಬಾಗುವುದಿಲ್ಲ, ಒಪ್ಪುತ್ತೇನೆ. ಇದರಲ್ಲಿ ರಾಗ ಬೆಳೆಸುವುದು ಕಷ್ಟ. ಆದರೆ ಕಷ್ಟದ ವಾದ್ಯ ಅನ್ನುವುದು ಬೇರೆ, ವಾದ್ಯವೇ ಅಲ್ಲ ಅನ್ನುವುದು ಬೇರೆ. ಯುರೋಪಿನಿಂದ ಬಂದ ಪಿಟೀಲು ಇಂದು ಕಛೇರಿಯ ಬಲಗೈ. ಸ್ಯಾಕ್ಸೊಫೋನಿನಲ್ಲಿ ಕರ್ನಾಟಕ ಸಂಗೀತ ಸಾಧ್ಯವೆಂದು ಕದ್ರಿ ಗೋಪಾಲನಾಥ್ ತೋರಿಸಿಕೊಟ್ಟರು. ಕೂತು ಸಾಧಿಸುವವರು ಸಿಕ್ಕಿದ್ದರಿಂದ ಅವು ನಮ್ಮವಾದವು.

ನಿಜವಾದ ತಕರಾರು ಸ್ವರದ್ದಲ್ಲ, ಬೆಲೆಯದು ಎಂಬ ಗುಮಾನಿ ನನಗೆ. ಕೆಲವು ನೂರು ರೂಪಾಯಿಗೆ ಸಿಗುವ, ಜೇಬಿನಲ್ಲಿ ಹಿಡಿಯುವ, ಗುರುದಕ್ಷಿಣೆ ಕೇಳದ ವಸ್ತುವಿಗೆ ನಾವು ಗೌರವ ಕೊಡುವುದಿಲ್ಲ. ನುಡಿಸುವ ನಮ್ಮದೂ ತಪ್ಪಿದೆ. 1975ರ 'ಶೋಲೆ'ಯಲ್ಲಿ ಜಯ್ ನುಡಿಸಿದ ಧಾಟಿಯನ್ನೇ ಇವತ್ತಿಗೂ ತೇಯುತ್ತೇವೆ. ನಾಲ್ಕು ಜನ ಚಪ್ಪಾಳೆ ತಟ್ಟಿದರೆ ಕಲಿತದ್ದು ಸಾಕೆಂದುಕೊಳ್ಳುತ್ತೇವೆ.

ಈ ವರ್ಷದ ಅರ್ಜಿ ಬಂದಿದೆ. ವಾದ್ಯದ ಕಾಲಮ್ಮಿನಲ್ಲಿ ಮೌತ್ ಆರ್ಗನ್ ಎಂದೇ ಬರೆಯಲು ಅವನಿಗೆ ಹೇಳಿದ್ದೇನೆ. ಯಾರಾದರೂ ನಕ್ಕರೆ ವಾದ ಮಾಡಬೇಡ, ಎರಡನೇ ರಂಧ್ರದಲ್ಲಿ ಮಧ್ಯಮ ಹಿಡಿದು ಕೇಳಿಸು ಎಂದಿದ್ದೇನೆ. ನಿನ್ನೆ ರಾತ್ರಿ ಟೆರೇಸಿನಲ್ಲಿ ಅಭ್ಯಾಸ ನಡೆದಿತ್ತು. ಮಧ್ಯಮ ಇನ್ನೂ ಸ್ವಲ್ಪ ಏರಿಯೇ ನಿಲ್ಲುತ್ತಿದೆ.