ಹಳೆಯ ವಿದ್ಯೆ, ಹೊಸ ಅಣಬೆ



ಮಳೆ ಬಿದ್ದ ಮೇಲೆ ಹುತ್ತದ ಸುತ್ತ ಅಣಬೆ ಹುಡುಕುವುದು ನಮ್ಮವರಿಗೆ ಹೊಸದೇನಲ್ಲ. ಹುತ್ತದ ಅಣಬೆಯ ಸಾರು ಉಂಡವರಿಗೆ ಪೇಟೆಯ ಅಣಬೆ ಸಪ್ಪೆ. ಅದನ್ನು ಗುರುತಿಸುವ ವಿದ್ಯೆ ಹಿರಿಯರಿಂದ ಬಂದದ್ದು, ಅದಕ್ಕೆ ಬೆಲೆ ಕೊಡಲೇಬೇಕು. ಆದರೆ ಅದೇ ವಿದ್ಯೆಯನ್ನು ನಂಬಿ ಉದಕಮಂಡಲದ ಪೈನ್ ತೋಪಿಗೆ ಬುಟ್ಟಿ ಒಯ್ಯಬಾರದೆಂಬುದು ನನ್ನ ಅಭಿಪ್ರಾಯ.

ಕಾರಣವಿದೆ. ಪೈನ್ ನಮ್ಮ ಶೋಲಾ ಕಾಡಿನ ಮರವಲ್ಲ. ನೀಲಗಿರಿಯಲ್ಲಿ ನೆಟ್ಟಿರುವ ಪೈನಸ್ ಪಟುಲಾ ಮೆಕ್ಸಿಕೋ ದೇಶದ್ದು. ಅದರ ಬೇರಿಗೆ ಹೆಣೆದುಕೊಂಡು ಬಾಳುವ ಅಣಬೆಗಳಿವೆ. ಅವು ಮರಕ್ಕೆ ಮಣ್ಣಿನ ನೀರು, ರಂಜಕ ಒದಗಿಸುತ್ತವೆ, ಮರ ಅವುಗಳಿಗೆ ಸಕ್ಕರೆ ಕೊಡುತ್ತದೆ. ಅವುಗಳಲ್ಲೊಂದು ಅಮಾನಿಟ ಮಸ್ಕಾರಿಯ. ಕೆಂಪು ಟೋಪಿ, ಮೇಲೆ ಬಿಳಿ ಚುಕ್ಕೆ. ಲ್ಯಾಟಿನ್ ಭಾಷೆಯಲ್ಲಿ 'ಮಸ್ಕ' ಎಂದರೆ ನೊಣ. ಯುರೋಪಿನಲ್ಲಿ ಇದನ್ನು ಹಾಲಿಗೆ ಹಾಕಿ ನೊಣ ಕೊಲ್ಲುತ್ತಿದ್ದರು. ತಿಂದವರಿಗೆ ವಾಂತಿ, ಅಮಲು, ಚಿತ್ತಭ್ರಮೆ. ಎಳೆಯದಿರುವಾಗ ಇದು ಬಿಳಿ ಮೊಟ್ಟೆಯಂತಿರುತ್ತದೆ. ಜೋರು ಮಳೆಗೆ ಚುಕ್ಕೆಗಳೂ ತೊಳೆದುಹೋಗುತ್ತವೆ. ಆದ್ದರಿಂದ ಬಣ್ಣವನ್ನೇ ನಂಬುವಂತಿಲ್ಲ.

1753ರಲ್ಲಿ ಲಿನೇಯಸ್ ಇದನ್ನು ಅಗಾರಿಕಸ್ ಕುಲದಲ್ಲಿಟ್ಟ. 1783ರಲ್ಲಿ ಲಮಾರ್ಕ್ ಅಮಾನಿಟ ಕುಲಕ್ಕೆ ಸೇರಿಸಿದ. ಪೇಟೆಯ ಬಟನ್ ಅಣಬೆ ಇಂದಿಗೂ ಅಗಾರಿಕಸ್. ಹುತ್ತದ ಅಣಬೆಗಳಿಗೆ 1942ರಲ್ಲಿ ರೋಜೆ ಹೈಮ್ ಟರ್ಮಿಟೋಮೈಸಿಸ್ ಎಂಬ ಕುಲ ಮಾಡಿದರು. 1979ರಲ್ಲಿ ದಕ್ಷಿಣ ಭಾರತದ ಒಂದು ಜಾತಿಗೆ ಕೆ. ನಟರಾಜನ್ ಅವರು ಹೈಮ್ ಹೆಸರನ್ನೇ ಇಟ್ಟರು. ಇದು ಪಂಡಿತರ ಕಾಲಹರಣವಲ್ಲ. ಬಟನ್ ಅಣಬೆಯ ಬೀಜಕಣ ಕಂದು, ಹುತ್ತದ ಅಣಬೆಯದು ನಸುಗೆಂಪು, ಅಮಾನಿಟದ್ದು ಬಿಳಿ. ಹುತ್ತದ ಅಣಬೆಯ ಕಾಂಡ ಬೇರಿನಂತೆ ಇಳಿದು ಗೆದ್ದಲ ಗೂಡನ್ನು ಮುಟ್ಟುತ್ತದೆ. ಅಮಾನಿಟದ ಬುಡ ಗೆಡ್ಡೆಯಂತೆ ಉಬ್ಬಿರುತ್ತದೆ. ಬುಡ ಮುರಿದು ಕಿತ್ತರೆ ಈ ಗುರುತೇ ಮಣ್ಣಿನಲ್ಲಿ ಉಳಿಯುತ್ತದೆ.

ಬೆಳ್ಳಿ ನಾಣ್ಯ ಕಪ್ಪಾದರೆ ವಿಷ, ಹುಳು ತಿಂದಿದ್ದರೆ ಒಳ್ಳೆಯದು ಎಂಬ ಪರೀಕ್ಷೆಗಳು ಸುಳ್ಳು. ಅಮಾನಿಟ ಕುಲದ ಕೆಲವು ಜಾತಿಗಳು ಯಕೃತ್ತನ್ನೇ ಕೆಡಿಸುತ್ತವೆ. ಆ ವಿಷ ಕುದಿಸಿದರೂ ಹೋಗದು. ವಾಂತಿ-ಭೇದಿ ಶುರುವಾಗುವುದೇ ಆರು ಗಂಟೆ ಕಳೆದ ಮೇಲೆ. ನಡುವೆ ಒಂದು ದಿನ ಗುಣವಾದಂತೆಯೂ ಕಾಣಬಹುದು. ಅನುಮಾನ ಬಂದರೆ ಮನೆಮದ್ದಿಗೆ ಕಾಯದೆ, ಉಳಿದ ಅಣಬೆಯೊಡನೆ ಆಸ್ಪತ್ರೆಗೆ ಹೋಗಿ.

ಹಿರಿಯರು ಹುತ್ತವನ್ನು ಬಲ್ಲರು. ಪೈನ್ ತೋಪು ಅವರ ಕಾಲದ ಕಾಡಲ್ಲ. ಹೆಸರು ತಿಳಿಯದ ಅಣಬೆ ಅಡಿಗೆಮನೆಯ ಹೊಸ್ತಿಲು ದಾಟದಿರಲಿ.