ಏಪ್ರಿಲ್ 30ರ ರಾತ್ರಿ ಕರಗಿದ ಅಡಿಕೆ

ಸೊಸೈಟಿಗಳಿಗೆ ಕಂಪ್ಯೂಟರ್ ಬಂದಿದೆ. ಬರಲಿ, ಬೇಡ ಅನ್ನುವವರು ನಾವಲ್ಲ. 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲೇ ಒಪ್ಪಿಗೆ ಕೊಟ್ಟಿತು. ಕಿರ್ದಿ, ಖಾತೆವಹಿ, ದಾಸ್ತಾನು ಪುಸ್ತಕ ಎಲ್ಲ ಯಂತ್ರದ ಹೊಟ್ಟೆ ಸೇರುತ್ತಿವೆ. ಆದರೆ ರೈತ ಬಾಂಧವರೇ, ಪುಸ್ತಕದಲ್ಲಿ ತಿದ್ದಿದರೆ ಕೆಂಪು ಶಾಯಿ ಕಾಣುತ್ತಿತ್ತು, ಪಕ್ಕದಲ್ಲಿ ಸಹಿ ಇರುತ್ತಿತ್ತು. ಯಂತ್ರದೊಳಗೆ ತಿದ್ದಿದ್ದು ನಮ್ಮ ಕಣ್ಣಿಗೆ ಹೇಗೆ ಕಾಣಬೇಕು?

"ಸ್ಟಾಕ್ ರೀಪ್ರೋಸೆಸ್ ನಡೀತಾ ಇದೆ, ನಾಳೆ ಬನ್ನಿ" ಅಂತ ಗುಮಾಸ್ತರು ಹೇಳಿದರೆ ಸುಮ್ಮನೆ ತಲೆಯಾಡಿಸಿ ಬರಬೇಡಿ. ಅದರ ಅರ್ಥ ಇಷ್ಟೇ: ಹಿಂದಿನ ಒಂದು ನಮೂದು ತಪ್ಪಿದೆ ಅಥವಾ ಬಿಟ್ಟುಹೋಗಿದೆ. ಅದನ್ನು ಸೇರಿಸಿ ಯಂತ್ರ ದಾಸ್ತಾನಿನ ಲೆಕ್ಕವನ್ನು ಮರಳಿ ಹಾಕುತ್ತಿದೆ. ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಅಂತ ಗುಮಾಸ್ತರೇ ಹೇಳಿಕೊಡಬೇಕು. ಪೇಚು ಇರುವುದು ಇಲ್ಲಿ.

ಒಂದು ಉದಾಹರಣೆ ಹಾಕಿ ನೋಡೋಣ. ವಖಾರಿಯಲ್ಲಿ ಏಪ್ರಿಲ್ ಅಖೇರಿ ಶಿಲ್ಕು 140 ಕ್ವಿಂಟಲ್ ಚಾಲಿ ಅಂತ ಇದೆ. ಏಪ್ರಿಲ್ 10ರಂದು ಬಂದ 20 ಕ್ವಿಂಟಲ್ ಬರೆಯುವುದೇ ಬಿಟ್ಟುಹೋಗಿತ್ತು. ಜೂನ್‌ನಲ್ಲಿ ಗೊತ್ತಾಗಿ ಸೇರಿಸಿದರು, ಏಪ್ರಿಲ್ ಒಂದಕ್ಕೇ ಮರುಲೆಕ್ಕ ಹಾಕಿದರು. ಏಪ್ರಿಲ್ ಅಖೇರಿ 160 ಆಯಿತು. ಮೇ ತಿಂಗಳನ್ನು ಮುಟ್ಟಲೇ ಇಲ್ಲವಲ್ಲ, ಅದರ ಆರಂಭ ಶಿಲ್ಕು ಹಳೆಯ 140ರಲ್ಲೇ ಉಳಿಯಿತು. ಏಪ್ರಿಲ್ 30ರ ರಾತ್ರಿ 160 ಕ್ವಿಂಟಲ್ ಆಗಿ ಮಲಗಿದ ಅಡಿಕೆ ಮೇ 1ರ ಬೆಳಿಗ್ಗೆ 140 ಆಗಿ ಏಳುತ್ತದೆ! ಇಲಿ ತಿನ್ನಲಿಲ್ಲ, ಕಳ್ಳ ಬರಲಿಲ್ಲ.

ಅದು ಕಾಗದದ ಅಡಿಕೆ, ನಮಗೇನು ಅನ್ನಬೇಡಿ. ಆ ಅಡಿಕೆಯ ಮೇಲೆ ನೀವು ಅಡವು ಸಾಲ ಎತ್ತಿರುತ್ತೀರಿ. ಲೆಕ್ಕದಲ್ಲಿ ದಾಸ್ತಾನು ಇಳಿದರೆ ಸಾಲದ ಮಿತಿಯೂ ಇಳಿಯುತ್ತದೆ. ಹಣ ಕಟ್ಟಿ, ಇಲ್ಲವೇ ಮಾಲು ಮಾರಿ ಅನ್ನುತ್ತಾರೆ. ದರ ಏರಲಿ ಅಂತ ಕಾದವನು ಬಿದ್ದ ದರಕ್ಕೆ ಮಾರಬೇಕಾಗುತ್ತದೆ.

ತೂಕದಂತೆ ದರದ ಲೆಕ್ಕವೂ ಕೆಡುತ್ತದೆ. 1,000 ರೂಪಾಯಿಯ 100 ಚೀಲ ಹಿಂಡಿ ಇದೆ, 1,200ರ 100 ಚೀಲ ಬಂತು ಅಂದುಕೊಳ್ಳಿ. ಸರಾಸರಿ 1,100. ಎರಡನೆಯ ಖರೀದಿ ಬರೆಯದೇ 50 ಚೀಲ ಮಾರಿದರೆ ಅಸಲು ಚೀಲಕ್ಕೆ 1,000 ಅಂತಲೇ ಬೀಳುತ್ತದೆ. ಪುಸ್ತಕದಲ್ಲಿ 5,000 ರೂಪಾಯಿ ಸುಳ್ಳು ಲಾಭ. ಆಮೇಲೆ ತಿದ್ದುವಾಗ ಆ ತಿಂಗಳಿಂದ ಇವತ್ತಿನವರೆಗಿನ ಪ್ರತಿ ಮಾರಾಟದ ಅಸಲೂ ಬದಲಾಗಬೇಕು.

ಹಾಗಂತ ಮಿತಿಯೇ ಬೇಡ ಅಂತಲ್ಲ. ಸಂಘ ಹುಟ್ಟಿದ ದಿನದಿಂದ ಲೆಕ್ಕ ಹಾಕಿಸಿದರೆ ಯಂತ್ರವೂ ಸುಸ್ತು, ಗುಮಾಸ್ತರೂ ಸುಸ್ತು. ತಪ್ಪಾದ ದಿನದಿಂದ ಶುರುಮಾಡಿದರೆ ಸಾಕು, ಆದರೆ ಇವತ್ತಿನ ತನಕ ಬರಬೇಕು. ತಪ್ಪು ಆಡಿಟ್ ಮುಗಿದ ವರ್ಷದ್ದಾದರೆ ಆ ವರ್ಷವನ್ನು ಮುಟ್ಟಕೂಡದು. ಲೆಕ್ಕ ಪರಿಶೋಧಕರ ಸಹಿ ಬಿದ್ದ ಮೇಲೆ ಒಳಗೊಳಗೇ ಅಂಕಿ ಬದಲಾದರೆ ಆ ಸಹಿಗೆ ಬೆಲೆ ಏನು ಬಂತು? ಆಡಳಿತ ಮಂಡಳಿಯಲ್ಲಿ ಠರಾವು ಮಾಡಿ, ಇವತ್ತಿನ ತಾರೀಕಿಗೆ ಹೊಂದಾಣಿಕೆ ನಮೂದು ಹಾಕಲಿ. ಎಲ್ಲರಿಗೂ ಕಾಣಲಿ.

ಸಾಫ್ಟ್‌ವೇರಿನವರನ್ನು ಬಯ್ದು ಪ್ರಯೋಜನವಿಲ್ಲ. ಯಂತ್ರ ಹೇಳಿದ್ದನ್ನು ಮಾಡುತ್ತದೆ, ಹೇಳುವವರು ನಮ್ಮ ಸಂಘದವರು. ದಲಾಲರ ತೂಕ-ಲೆಕ್ಕದ ಹಂಗು ಬೇಡ ಅಂತಲೇ ಈ ಸೀಮೆಯ ಹಿರಿಯರು ಸಹಕಾರಿ ಮಾರಾಟ ಸಂಘ ಕಟ್ಟಿದರು. ಶಿರಸಿಯ ತೋಟಗಾರರ ಸಂಘ 1923ರಷ್ಟು ಹಿಂದಿನದು. ಲೆಕ್ಕ ಕೇಳುವುದು ಸದಸ್ಯನ ಹಕ್ಕು, ಯಾರ ದಾಕ್ಷಿಣ್ಯವೂ ಅಲ್ಲ.

ಮರುಲೆಕ್ಕಕ್ಕೆ ಮೊದಲಿನ ದಾಸ್ತಾನು ಪಟ್ಟಿ, ನಂತರದ ಪಟ್ಟಿ, ಎರಡನ್ನೂ ಮುದ್ರಿಸಿ ಕಾರ್ಯದರ್ಶಿಗಳು ಸಹಿ ಹಾಕಿ ಫೈಲಿನಲ್ಲಿ ಇಡಲಿ. ಯಾರ ಖಾತೆಯಲ್ಲಿ ಎಷ್ಟು ವ್ಯತ್ಯಾಸ ಬಂತು ಅಂತ ನೋಟೀಸು ಬೋರ್ಡಿಗೆ ಹಚ್ಚಲಿ. ಅದೇ ದಿನ ವಖಾರಿ ತೆಗೆದು ಇಬ್ಬರು ಸದಸ್ಯರ ಎದುರಿಗೆ ಚೀಲ ಎಣಿಸಲಿ. ಬರುವ ಮಹಾಸಭೆಯಲ್ಲಿ ಇದನ್ನು ಠರಾವಾಗಿ ತನ್ನಿ. ಅಲ್ಲಿಯವರೆಗೆ ನಿಮ್ಮ ತೂಕದ ಚೀಟಿ ಒಂದನ್ನೂ ಬಿಸಾಡಬೇಡಿ.