ದಸರಾ ರಜೆಗೆ ಕಪಾಟಿನ ಬೀಗ ತೆಗೆಯಲಿ

ಮಳೆಯ ಜೋರು ಇಳಿದು ಅಂಗಳ ಒಣಗುವ ಹೊತ್ತಿಗೆ ಕಬಕ, ವಿಟ್ಲ, ಪುತ್ತೂರು ಆಸುಪಾಸಿನ ಪ್ರಾಥಮಿಕ ಶಾಲೆಗಳಲ್ಲಿ ಅರ್ಧವರ್ಷದ ಪರೀಕ್ಷೆ ಮುಗಿಯುತ್ತ ಬಂದಿರುತ್ತದೆ. ಅಲ್ಲಿಂದ ನವೆಂಬರ್ ನಡುವಿನವರೆಗೆ ಶಾಲೆಗಳಿಗೆ ಗೌಜಿಯ ಕಾಲ. ಶಾರದಾ ಪೂಜೆ, ಗಾಂಧಿ ಜಯಂತಿಯ ಶ್ರಮದಾನ, ಕ್ರೀಡಾಕೂಟ, ಪ್ರತಿಭಾ ಕಾರಂಜಿ, ರಾಜ್ಯೋತ್ಸವ, ಮಕ್ಕಳ ದಿನಾಚರಣೆ ಒಂದರ ಬೆನ್ನಿಗೆ ಒಂದು ಬರುತ್ತವೆ. ಇವುಗಳ ನಡುವೆ ದಸರಾ ರಜೆ. 2025ರಲ್ಲಿ ಅದು ಸೆಪ್ಟೆಂಬರ್ 20ರಿಂದ ಅಕ್ಟೋಬರ್ 7ರವರೆಗೆ ಎಂದು ನಿಗದಿಯಾಗಿತ್ತು. ಶಿಕ್ಷಕರು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ತೊಡಗಿದ್ದರಿಂದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಅಕ್ಟೋಬರ್ 18ರವರೆಗೆ ಹಿಗ್ಗಿತು. ಸುಮಾರು ಒಂದು ತಿಂಗಳು. ಓಟಕ್ಕೆ, ಹಾಡಿಗೆ, ಭಾಷಣಕ್ಕೆ, ಮೆರವಣಿಗೆಗೆ ಈ ಋತುವಿನಲ್ಲಿ ಜಾಗವಿದೆ. ಮಗುವೊಂದು ತನಗೆ ಬೇಕಾದ ಕತೆಪುಸ್ತಕ ಹಿಡಿದು ಕೂರುವುದಕ್ಕೆ ಮಾತ್ರ ಯಾವ ಪಟ್ಟಿಯಲ್ಲೂ ಜಾಗವಿಲ್ಲ. ಅಷ್ಟೇ ಅಲ್ಲ, ಓದಲು ಅತಿ ಹೆಚ್ಚು ಬಿಡುವಿರುವ ದಿನಗಳಲ್ಲೇ ಶಾಲೆಯ ಪುಸ್ತಕದ ಕಪಾಟಿಗೆ ಬೀಗ ಬಿದ್ದಿರುತ್ತದೆ. ರಜೆಗೆ ಮುನ್ನಿನ ಕೊನೆಯ ದಿನ ಆ ಕಪಾಟು ಖಾಲಿಯಾಗಬೇಕು, ಪುಸ್ತಕಗಳು ಮಕ್ಕಳ ಚೀಲದಲ್ಲಿ ಮನೆಗೆ ಹೋಗಬೇಕು ಎಂಬುದು ಈ ಬರಹದ ವಾದ.

ಇದು ರಾಜ್ಯದ ಎಲ್ಲ ಕಡೆಗೂ ಒಪ್ಪುವ ಮಾತೇ. ಆದರೆ ನಮ್ಮ ಭಾಗಕ್ಕೆ ಇದರ ಅಗತ್ಯ ಹೆಚ್ಚು. ಇಲ್ಲಿನ ಒಂದೇ ತರಗತಿಯಲ್ಲಿ ತುಳು, ಬ್ಯಾರಿ, ಮಲಯಾಳ, ಕೊಂಕಣಿ, ಮರಾಠಿ ಮಾತಾಡುವ ಮನೆಗಳ ಮಕ್ಕಳು ಪಕ್ಕಪಕ್ಕ ಕೂರುತ್ತಾರೆ. ಸುಳ್ಯದ ಕಡೆ ಹೋದರೆ ಅರೆಭಾಷೆ ಸೇರುತ್ತದೆ. ಹವ್ಯಕ ಕನ್ನಡದ ಮನೆಯ ಮಗುವಿಗೂ ಪಠ್ಯಪುಸ್ತಕದ ಕನ್ನಡ ಮನೆಮಾತಲ್ಲ. ಇವರಲ್ಲಿ ಹೆಚ್ಚಿನವರಿಗೆ ಬರಹದ ಕನ್ನಡ ಕಿವಿಗೆ ಬೀಳುವುದು, ಕಣ್ಣಿಗೆ ಕಾಣುವುದು ಶಾಲೆಯಲ್ಲಿ. ಶಾಲೆ ಮುಚ್ಚಿದಾಗ ಅಂಗಳದಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ ಬೇರೆ ಮಾತು ನಡೆಯುತ್ತದೆ. ಅದು ಕೊರತೆಯಲ್ಲ, ಈ ನೆಲದ ಸಂಪತ್ತು. ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ (1874–1937) ಮನೆಮಾತು ಕೊಂಕಣಿ. ಕನ್ನಡದ ಮಕ್ಕಳಿಗೆ ಹಾಡು, ಕತೆಗಳ ದೊಡ್ಡ ಆಸ್ತಿ ಬಿಟ್ಟುಹೋದವರಲ್ಲಿ ಅವರು ಮೊದಲಿಗರ ಸಾಲಿನಲ್ಲಿದ್ದಾರೆ. ಮನೆಮಾತು ಬೇರೆಯಾದವರಿಗೆ ಕನ್ನಡ ಒಲಿಯಬೇಕಾದರೆ ಅದು ಪುಸ್ತಕದ ದಾರಿಯಿಂದಲೇ ಹೆಚ್ಚಾಗಿ ಒಲಿಯಬೇಕು. ಹೀಗಿರುವಾಗ ರಜೆಯಲ್ಲಿ ಪುಸ್ತಕವೂ ಕೈಗೆ ಸಿಗದಿದ್ದರೆ, ಎರಡನೆಯ ತರಗತಿಯ ಮಗು ಹೊಸದಾಗಿ ಹಿಡಿದ ಒತ್ತಕ್ಷರಗಳ ಅಭ್ಯಾಸ ನಿಂತೇಹೋಗುತ್ತದೆ.

ಅಭ್ಯಾಸ ನಿಂತರೆ ಏನಾಗುತ್ತದೆ ಎಂಬುದನ್ನು ಕೋವಿಡ್ ಕಾಲ ಕಣ್ಣಿಗೆ ಕಟ್ಟುವಂತೆ ತೋರಿಸಿತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 16,067 ಮಕ್ಕಳನ್ನು ಪರಿಶೀಲಿಸಿತು. ಅವರಲ್ಲಿ ಶೇಕಡಾ 92ರಷ್ಟು ಮಕ್ಕಳು ಹಿಂದಿನ ವರ್ಷ ತಮಗಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಒಂದನ್ನಾದರೂ ಕಳೆದುಕೊಂಡಿದ್ದರು. ಕಲಿತದ್ದು ನಿಂತಲ್ಲೇ ನಿಲ್ಲುವುದಿಲ್ಲ, ಬಳಸದಿದ್ದರೆ ಜಾರುತ್ತದೆ. ಆ ಬಳಿಕ ಪರಿಸ್ಥಿತಿ ಸುಧಾರಿಸಿದೆ, ನಿಜ. ಗ್ರಾಮೀಣ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ವರದಿಯ ಪ್ರಕಾರ ದೇಶದ ಸರ್ಕಾರಿ ಶಾಲೆಗಳ ಮೂರನೆಯ ತರಗತಿಯಲ್ಲಿ ಎರಡನೆಯ ತರಗತಿಯ ಪಾಠ ಓದಬಲ್ಲವರು 2022ರಲ್ಲಿ ಶೇಕಡಾ 16.3 ಇದ್ದರು, 2024ರಲ್ಲಿ 23.4 ಆದರು. ಏರಿಕೆಗೆ ಸಂತೋಷಪಡೋಣ, ಆದರೂ ನಾಲ್ವರಲ್ಲಿ ಮೂವರಿಗೆ ಇನ್ನೂ ಆಗುತ್ತಿಲ್ಲ. ನಮ್ಮ ಜಿಲ್ಲೆಗೆ ಇದೆಲ್ಲ ಅನ್ವಯಿಸದು, 2025ರ ಎಸ್‌ಎಸ್‌ಎಲ್‌ಸಿಯಲ್ಲಿ ಶೇಕಡಾ 91.12 ಫಲಿತಾಂಶದೊಂದಿಗೆ ದಕ್ಷಿಣ ಕನ್ನಡ ರಾಜ್ಯಕ್ಕೇ ಮೊದಲು ಬಂದಿದೆಯಲ್ಲ ಎಂದು ಹೇಳುವವರಿದ್ದಾರೆ. ಆ ಫಲಿತಾಂಶದ ಹಿಂದಿನ ಶಿಕ್ಷಕರ, ಮಕ್ಕಳ ದುಡಿಮೆ ದೊಡ್ಡದು. ಆದರೆ ಹತ್ತನೆಯ ತರಗತಿಯ ಉತ್ತೀರ್ಣತೆ ಅಳೆಯುವುದು ನಿಗದಿತ ಪಾಠದಿಂದ ನಿಗದಿತ ಪ್ರಶ್ನೆಗೆ ಉತ್ತರ ಬರೆಯುವ ಶಕ್ತಿಯನ್ನು. ಯಾರೂ ಹೇಳದೆ ಪುಸ್ತಕವೊಂದನ್ನು ಕೈಗೆತ್ತಿಕೊಂಡು ಕೊನೆಯ ಪುಟದವರೆಗೆ ಹೋಗುವ ರೂಢಿ ಆ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. ಆ ರೂಢಿ ಬೀಳುವ ವಯಸ್ಸು ಏಳರಿಂದ ಹತ್ತು; ಹದಿನಾರಲ್ಲ.

ರಜೆಯಲ್ಲಿ ಪುಸ್ತಕ ಕೊಟ್ಟರೆ ಪ್ರಯೋಜನ ಆಗುವುದೇ ಎಂಬ ಪ್ರಶ್ನೆಗೆ ಹೆಚ್ಚಿನ ಪುರಾವೆ ಅಮೆರಿಕದಿಂದ ಬಂದಿದೆ. ರಿಚರ್ಡ್ ಆಲಿಂಗ್ಟನ್, ಆನ್ ಮೆಕ್‌ಗಿಲ್-ಫ್ರಾಂಜೆನ್ ಮತ್ತು ಅವರ ಜೊತೆಗಾರರು ಫ್ಲೋರಿಡಾದ ಬಡ ಕುಟುಂಬಗಳ ಮಕ್ಕಳಿಗೆ ಸತತ ಮೂರು ಬೇಸಿಗೆ ರಜೆಗಳಲ್ಲಿ, ಮಕ್ಕಳೇ ಆರಿಸಿಕೊಂಡ ತಲಾ 12 ಪುಸ್ತಕಗಳನ್ನು ಕೊಟ್ಟರು. ಪುಸ್ತಕ ಪಡೆಯದ ಮಕ್ಕಳಿಗಿಂತ ಇವರ ಓದು ಮುಂದಿತ್ತು ಎಂದು 2010ರಲ್ಲಿ ಪ್ರಕಟವಾದ ಅವರ ಅಧ್ಯಯನ ಹೇಳುತ್ತದೆ. ಅಲ್ಲಿನ ಬೇಸಿಗೆ ರಜೆ ನಮ್ಮ ದಸರಾ ರಜೆಗಿಂತ ಬಹಳ ಉದ್ದ. ಅಲ್ಲಿನ ಲೆಕ್ಕವನ್ನು ಹಾಗೆಯೇ ಎತ್ತಿ ಪುತ್ತೂರಿಗೆ ತರುವುದು ಸರಿಯಲ್ಲ. ಜೇಮ್ಸ್ ಕಿಮ್ ಎಂಬ ಇನ್ನೊಬ್ಬ ಸಂಶೋಧಕರ ಪ್ರಯೋಗ ಬೇರೊಂದು ಎಚ್ಚರಿಕೆ ಕೊಡುತ್ತದೆ: ಬರೇ ಪುಸ್ತಕ ಕೈಗಿತ್ತು ಕಳುಹಿಸಿದ ಮಕ್ಕಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಆಗಲಿಲ್ಲ, ಮಗುವಿನ ಮಟ್ಟಕ್ಕೆ ಹೊಂದುವ ಪುಸ್ತಕ ಕೊಟ್ಟು, ಹೇಗೆ ಓದಬೇಕು, ಓದಿದ್ದನ್ನು ಮನೆಯವರಿಗೆ ಹೇಗೆ ಹೇಳಬೇಕು ಎಂದು ರಜೆಗೆ ಮೊದಲೇ ಶಿಕ್ಷಕರು ಕಲಿಸಿದಲ್ಲಿ ಆಯಿತು. ನನಗೆ ಈ ಎರಡನೆಯ ಮಾತೇ ಹೆಚ್ಚು ಮುಖ್ಯ. ಕಪಾಟು ತೆರೆಯುವುದು ಅರ್ಧ ಕೆಲಸ. ಯಾವ ಮಗುವಿಗೆ ಯಾವ ಪುಸ್ತಕ ಎಂದು ಬಲ್ಲ ಶಿಕ್ಷಕರ ಕೈ ಉಳಿದರ್ಧ.

ಋತುವಿಗೂ ಓದಿಗೂ ಗಂಟು ಹಾಕಿದವರು ಜಪಾನಿನವರು. ಯುದ್ಧದಲ್ಲಿ ಬೆಂದುಹೋದ ದೇಶದಲ್ಲಿ ಪ್ರಕಾಶಕರು, ಗ್ರಂಥಾಲಯಗಳು, ಪತ್ರಿಕೆಗಳು ಒಟ್ಟು ಸೇರಿ 1947ರ ಶರತ್ಕಾಲದಲ್ಲಿ ಓದಿನ ವಾರವನ್ನು ಆರಂಭಿಸಿದವು. ಮರುವರ್ಷದಿಂದ ಅದು ಅಕ್ಟೋಬರ್ 27ರಿಂದ ನವೆಂಬರ್ 9ರವರೆಗೆ, ಎರಡು ವಾರ, ಇಂದಿಗೂ ನಡೆದುಬಂದಿದೆ. ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಶಿವರಾಮ ಕಾರಂತರು ಪುತ್ತೂರಿನಲ್ಲಿ ನೆಲೆಸಿದ್ದ ಕಾಲದಲ್ಲಿ, ಸಹಕಾರಿ ಚಳವಳಿಯ ಮೊಳಹಳ್ಳಿ ಶಿವರಾಯರಂಥವರ ಬೆಂಬಲದಿಂದ, ಇಲ್ಲಿನ ದಸರೆಯನ್ನು ಸಾಹಿತ್ಯ, ಕಲೆಗಳ ನಾಡಹಬ್ಬವನ್ನಾಗಿ ಮಾಡಿದ್ದರು. ಕಬಕದಿಂದ ಕೆಲವೇ ಕಿಲೋಮೀಟರ್ ದೂರದ ಪರ್ಲಡ್ಕದಲ್ಲಿ ಅವರ ಬಾಲವನ ಇದೆ. ಮಕ್ಕಳು ಕುಣಿದು, ನಟಿಸಿ, ಚಿತ್ರ ಬಿಡಿಸಿ ಕಲಿಯಲಿ ಎಂದು ಬಯಸಿದ ಅದೇ ಮನುಷ್ಯ ಅವರಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನೂ ಬರೆದರು. ಆಟ ಬೇಕೋ ಪುಸ್ತಕ ಬೇಕೋ ಎಂಬ ಜಗಳ ಅವರ ಲೋಕದಲ್ಲಿ ಇರಲಿಲ್ಲ. ಅವರು ಹುಟ್ಟಿದ ದಿನ 1902ರ ಅಕ್ಟೋಬರ್ 10, ಎಷ್ಟೋ ವರ್ಷ ದಸರಾ ರಜೆಯಲ್ಲೋ ಅದರ ಆಸುಪಾಸಿನಲ್ಲೋ ಬೀಳುತ್ತದೆ. ದೊಡ್ಡವರು ವೇದಿಕೆಯಲ್ಲಿ ಅವರನ್ನು ನೆನೆಯುವ ದಿನವೇ ಊರಿನ ಮಕ್ಕಳ ಕೈಯಲ್ಲಿ ಪುಸ್ತಕವಿಲ್ಲ ಎಂಬುದು ನನ್ನನ್ನು ಬಹಳ ನೋಯಿಸುತ್ತದೆ.

ರಜೆಯಲ್ಲಾದರೂ ಮಕ್ಕಳನ್ನು ಆಡಲು ಬಿಡಿ ಎಂಬ ಆಕ್ಷೇಪವನ್ನು ನಾನು ಮನಸಾರೆ ಒಪ್ಪುತ್ತೇನೆ. ಹುಲಿವೇಷದ ಹಿಂದೆ ಓಡಬೇಕು, ತೋಡಿನಲ್ಲಿ ಮೀನು ಹಿಡಿಯಬೇಕು, ಅಜ್ಜಿ ಮನೆಗೆ ಹೋಗಬೇಕು, ತೋಟದಲ್ಲಿ ಅಡಿಕೆ ಹೆಕ್ಕಲು ಸೇರಬೇಕು. ಆದರೆ ಈಗಲೂ ರಜೆ ಖಾಲಿಯಾಗಿ ಇರುವುದಿಲ್ಲ. ದಿನಕ್ಕೊಂದು ಪುಟ ಕಾಪಿ, ಮಗ್ಗಿ, ಪಾಠದ ಪ್ರಶ್ನೋತ್ತರ ಎಂದು ಹೋಂವರ್ಕ್ ಹೊತ್ತೇ ಮಕ್ಕಳು ಮನೆಗೆ ಹೋಗುತ್ತಾರೆ. ಹೆಚ್ಚಿನವರು ಅದನ್ನು ಶಾಲೆ ಶುರುವಾಗುವ ಹಿಂದಿನ ರಾತ್ರಿ ಒಟ್ಟಿಗೆ ಗೀಚಿ ಮುಗಿಸುತ್ತಾರೆಂಬುದು ಶಿಕ್ಷಕರಿಗೂ ಪೋಷಕರಿಗೂ ಗೊತ್ತಿದೆ. ಆ ಹೊರೆಯನ್ನು ಪೂರ್ತಿ ತೆಗೆದು ಅದರ ಜಾಗದಲ್ಲಿ ಮೂರು ತೆಳ್ಳಗಿನ ಕತೆಪುಸ್ತಕ ಕೊಟ್ಟರೆ ಆಟದ ಸಮಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಹದಿನಾರು ಪುಟದ ಚಿತ್ರಪುಸ್ತಕಕ್ಕೆ ಕಾಲು ಗಂಟೆ ಸಾಕು. ಇಲ್ಲಿ ಓದಿನ ನಿಜವಾದ ಎದುರಾಳಿ ಮೊಬೈಲು. ಮಧ್ಯಾಹ್ನ ಊಟವಾಗಿ, ಹೊರಗೆ ಬಿಸಿಲೋ ಮಳೆಯೋ ಇದ್ದು, ದೊಡ್ಡವರು ಮಲಗಿದ ಹೊತ್ತಿನಲ್ಲಿ ಮಗುವಿನ ಕೈಗೆ ಏನು ಎಟಕುತ್ತದೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ನವರಾತ್ರಿಯ ಕೊನೆಯ ದಿನಗಳಲ್ಲಿ ಪುಸ್ತಕವನ್ನು ಪೂಜೆಗಿಟ್ಟು ವಿಜಯದಶಮಿಯವರೆಗೆ ಮುಟ್ಟದಿರುವ ನಡಾವಳಿ ಹಲವು ಮನೆಗಳಲ್ಲಿದೆ. ಅದಕ್ಕೆ ಗೌರವ ಕೊಡುವುದು ಕಷ್ಟವೇನಲ್ಲ. ಹದಿನೆಂಟು ದಿನಗಳಲ್ಲಿ ಮೂರು ನಾಲ್ಕು ದಿನದ ಮಾತು ಅದು. ಅಕ್ಕಿಯ ಮೇಲೆ ಬೆರಳು ಹಿಡಿದು ಮಗುವಿಗೆ ಅಕ್ಷರ ಬರೆಸುವ ದಶಮಿಯ ದಿನ ಹೊಸ ಕತೆಯೊಂದನ್ನು ತೆರೆಯಲಿ. ಆ ಆಚರಣೆ ಇಲ್ಲದ ಮನೆಗಳ ಮಕ್ಕಳೂ ಅದೇ ತರಗತಿಯಲ್ಲಿ ಇದ್ದಾರೆ, ಆದ್ದರಿಂದ ಯೋಜನೆ ಯಾವ ಒಂದು ಧರ್ಮದ ಹಬ್ಬದ ಹೆಸರಿನಲ್ಲೂ ಇರಬೇಕಾಗಿಲ್ಲ. ರಜೆ ಎಲ್ಲರದು.

ಒಂದು ಅಪಾಯವನ್ನು ಮಾತ್ರ ಮೊದಲೇ ತಡೆಯಬೇಕು. ನಮ್ಮಲ್ಲಿ ಯಾವುದಕ್ಕೂ ಸ್ಪರ್ಧೆ ಇಟ್ಟರೇ ತೃಪ್ತಿ. ಅತಿ ಹೆಚ್ಚು ಪುಸ್ತಕ ಓದಿದವರಿಗೆ ಪ್ರಥಮ, ದ್ವಿತೀಯ, ತೃತೀಯ ಎಂದು ಪ್ರತಿಭಾ ಕಾರಂಜಿಯ ಮಾದರಿಯಲ್ಲಿ ಬಹುಮಾನ ಘೋಷಿಸಿದರೆ ಇಡೀ ಪ್ರಯತ್ನ ಹಾಳು. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು ಚಿತ್ರ ಬಿಡಿಸುವುದೆಂದರೆ ಪ್ರಾಣವಾಗಿದ್ದ ಪುಟ್ಟ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಬಿಡಿಸಿದರೆ ಪ್ರಶಸ್ತಿಪತ್ರ ಸಿಗುತ್ತದೆ ಎಂದು ಮೊದಲೇ ಹೇಳಿಸಿಕೊಂಡ ಮಕ್ಕಳು, ಮುಂದೆ ಪ್ರಶಸ್ತಿ ಇಲ್ಲದ ದಿನಗಳಲ್ಲಿ ಚಿತ್ರದ ಕಡೆ ತಿರುಗುವುದನ್ನೇ ಬಹಳ ಕಡಿಮೆ ಮಾಡಿದರು. ಓದಿನ ಮೇಲೂ ಇದೇ ಭಯ ನನಗಿದೆ. ಬಹುಮಾನಕ್ಕಾಗಿ ಓದುವ ಮಗು ತೆಳ್ಳಗಿನದನ್ನು ಹುಡುಕುತ್ತದೆ, ಪುಟ ಹಾರಿಸುತ್ತದೆ. ಓದಲು ತಡವರಿಸುವ ಮಗು ತಾನು ಗೆಲ್ಲುವುದಿಲ್ಲ ಎಂದು ಅರಿತು ದೂರ ಕೂರುತ್ತದೆ. ನಮಗೆ ಬೇಕಾಗಿರುವುದು ಆ ಮಗುವೇ. ರಜೆ ಮುಗಿದ ಮೊದಲ ದಿನ ಒಂದು ಗಂಟೆ ಪಾಠ ಬಿಟ್ಟು, ಇಷ್ಟವಿದ್ದವರು ತಾವು ಓದಿದ ಕತೆ ಹೇಳಲಿ. ತುಳುವಿನಲ್ಲೋ ಬ್ಯಾರಿಯಲ್ಲೋ ಹೇಳಿದರೂ ಆಗಲಿ. ಕನ್ನಡದಲ್ಲಿ ಓದಿ ತನ್ನ ಮಾತಿನಲ್ಲಿ ಹೇಳುವ ಮಗುವಿಗೆ ಕತೆ ಅರ್ಥವಾಗಿದೆ ಎಂಬುದಕ್ಕೆ ಬೇರೆ ಪರೀಕ್ಷೆ ಯಾಕೆ? ಅಕ್ಷರ ಬಾರದ ಅಮ್ಮನಿಗೂ ಅಜ್ಜನಿಗೂ ಮನೆಯಲ್ಲಿ ಇದೇ ಪಾಲು: ಮಗು ಹೇಳುವುದನ್ನು ಕೇಳುವುದು.

ಪಂಚಾಯತ್ ಗ್ರಂಥಾಲಯಗಳು ಇವೆಯಲ್ಲ, ಶಾಲೆ ಯಾಕೆ ಮೈಮೇಲೆ ಎಳೆದುಕೊಳ್ಳಬೇಕು ಎನ್ನಬಹುದು. 2020ರ ನವೆಂಬರ್ 14ರಂದು ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಸಿಕ್ಕಿದ್ದು ಒಳ್ಳೆಯ ಹೆಜ್ಜೆ. ಆದರೆ ನಮ್ಮ ಊರುಗಳ ರಚನೆ ಬೇರೆ. ಬಯಲುಸೀಮೆಯ ಹಳ್ಳಿಯಂತೆ ಮನೆಗಳು ಇಲ್ಲಿ ಒತ್ತಾಗಿಲ್ಲ. ಗುಡ್ಡದ ಆಚೆಗೊಂದು, ತೋಟದ ತುದಿಗೊಂದು. ಮೂರನೆಯ ತರಗತಿಯ ಮಗು ಹೆದ್ದಾರಿ ದಾಟಿ ಒಂಟಿಯಾಗಿ ಪಂಚಾಯತ್ ಕಟ್ಟಡಕ್ಕೆ ಹೋಗಲಾರದು. ಎಲ್ಲ ಮನೆಯ ಮಕ್ಕಳೂ ಒಂದೆಡೆ ಸೇರುವ ಜಾಗ ಶಾಲೆಯೊಂದೇ. ಗ್ರಂಥಾಲಯ ತನ್ನ ಮಕ್ಕಳ ಪುಸ್ತಕಗಳಲ್ಲಿ ಒಂದು ಕಟ್ಟನ್ನು ರಜೆಗೆ ಮುಂಚೆ ಶಾಲೆಗೆ ಕಳುಹಿಸಲಿ. ಒಂದೇ ಓಣಿಯ ಮೂರು ಮನೆಯ ಮಕ್ಕಳಿಗೆ ಬೇರೆಬೇರೆ ಪುಸ್ತಕ ಕೊಟ್ಟರೆ ಮೂರು ಒಂಬತ್ತಾಗುತ್ತದೆ, ಅವರೇ ಬದಲಾಯಿಸಿಕೊಳ್ಳುತ್ತಾರೆ. ಹಾಲಿನ ಸೊಸೈಟಿಯಲ್ಲೋ ಅಂಗನವಾಡಿಯಲ್ಲೋ ಒಂದು ಪೆಟ್ಟಿಗೆ ಇಟ್ಟರೆ ರಜೆಯಲ್ಲಿ ಶಿಕ್ಷಕರು ಬರಬೇಕಾದ ಅಗತ್ಯವೂ ಇಲ್ಲ. ಸಮೀಕ್ಷೆ, ತರಬೇತಿ ಎಂದು ಅವರ ರಜೆಯೇ ಕರಗುತ್ತಿರುವಾಗ ಇನ್ನೊಂದು ಹೊರೆ ಹೇರುವುದು ಅನ್ಯಾಯ. ರಜೆಗೆ ಮೊದಲು ಪುಸ್ತಕ ಆರಿಸಿಕೊಡುವ ಶ್ರಮವಷ್ಟೇ ಅವರದಾಗಲಿ.

ಉಳಿದದ್ದು ಮುಖ್ಯ ಶಿಕ್ಷಕರ ಅಂಜಿಕೆ. ಪುಸ್ತಕ ಹರಿದರೆ, ಕಳೆದರೆ, ದಾಸ್ತಾನು ವಹಿಯ ಲೆಕ್ಕಕ್ಕೆ ಅವರು ಉತ್ತರ ಕೊಡಬೇಕು. ಬೀಗ ಬೀಳುವುದು ಸೋಮಾರಿತನದಿಂದಲ್ಲ, ಈ ಅಂಜಿಕೆಯಿಂದ ಎಂದು ನಾನು ನಂಬಿದ್ದೇನೆ. ಶಿಕ್ಷಣ ಹಕ್ಕು ಕಾಯ್ದೆ (2009) ಪ್ರತಿ ಶಾಲೆಯಲ್ಲೂ ಕತೆಪುಸ್ತಕ ಸಹಿತ ಗ್ರಂಥಾಲಯ ಇರಬೇಕೆಂದು ಹೇಳಿತು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಕಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000 ರೂಪಾಯಿವರೆಗೆ ಗ್ರಂಥಾಲಯ ಅನುದಾನಕ್ಕೆ ಅವಕಾಶವಿದೆ. ಕೊಳ್ಳುವುದಕ್ಕೆ ದಾರಿ ಇದೆ, ಕೊಡುವುದಕ್ಕೆ ಧೈರ್ಯ ಇಲ್ಲ. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು (2017) ಗ್ರಂಥಾಲಯಗಳಲ್ಲಿ ಸಾವಿರ ಪುಸ್ತಕ ಬಳಕೆಗೆ ಐದು ಕಳೆದರೆ ಅದು ಸಹಜ ನಷ್ಟ ಎಂದು ಒಪ್ಪುತ್ತವೆ. ದೊಡ್ಡವರ ಗ್ರಂಥಾಲಯಕ್ಕೇ ಈ ರಿಯಾಯಿತಿ ಇರುವಾಗ ಏಳು ವರ್ಷದ ಮಗುವಿನ ಕೈಗೆ ಹೋಗುವ ಪುಸ್ತಕಕ್ಕೆ ಇನ್ನೂ ಉದಾರವಾದ ಲೆಕ್ಕ ಬೇಕು. ಓದಿ ಓದಿ ಹರಿದ ಪುಸ್ತಕವನ್ನು ಬಳಕೆ ಎಂದು ಬರೆಯಬೇಕು, ನಷ್ಟ ಎಂದಲ್ಲ. ಅದರ ಬೆಲೆ ಯಾವ ಶಿಕ್ಷಕರ ಸಂಬಳದಿಂದಲೂ ಕಡಿತವಾಗಬಾರದು. ಈ ಭರವಸೆಯನ್ನು ಶಿಕ್ಷಣ ಇಲಾಖೆ ಒಂದು ಪುಟದ ಸುತ್ತೋಲೆಯಲ್ಲಿ ಕೊಡಬಹುದು, ಶಾಲಾಭಿವೃದ್ಧಿ ಸಮಿತಿ ತನ್ನ ಸಭೆಯಲ್ಲಿ ಅದಕ್ಕೆ ಒಪ್ಪಿಗೆ ಬರೆಯಬಹುದು. ಸುತ್ತೋಲೆ ಸೆಪ್ಟೆಂಬರ್ ಮೊದಲ ವಾರದಲ್ಲೇ ತಲುಪಿದರೆ, ಯಾವ ಮಗುವಿಗೆ ಯಾವ ಪುಸ್ತಕ ಎಂದು ನೋಡಿ ಆರಿಸಲು ಶಿಕ್ಷಕರಿಗೆ ಎರಡು ವಾರ ಸಿಗುತ್ತದೆ.